ಆಟಿಸಂ ಮಕ್ಕಳ ಸಿಟ್ಟು: ಸಿಡ್ನಿ, ಮೆಲ್ಬರ್ನ್‌ಗಳ ಅರವತ್ತು ವರ್ಷ

ಆಟಿಸಂ ಇರುವ ಮಗು ತನ್ನ ಕೈಯನ್ನು ತಾನೇ ಕಚ್ಚಿಕೊಂಡರೆ, ಅಮ್ಮನ ಕೂದಲು ಹಿಡಿದೆಳೆದರೆ, ಅಂಗಡಿಯ ನಡುವೆ ನೆಲಕ್ಕೆ ಬಿದ್ದು ಅರ್ಧ ಗಂಟೆ ಕಿರುಚಿದರೆ ಹೆತ್ತವರ ಬಾಯಲ್ಲಿ ಬರುವುದು ಒಂದೇ ಮಾತು: ಇದನ್ನು ನಿಲ್ಲಿಸುವುದು ಹೇಗೆ? ಉತ್ತರ ಹೇಳುವವರಿಗೆ ಕೊರತೆಯಿಲ್ಲ. ವರ್ತನಾ ಚಿಕಿತ್ಸಕರದು ಒಂದು ದಾರಿ, ಭಾವನೆಗಳ ಪಾಠ ಹೇಳುವ ಮನಃಶಾಸ್ತ್ರಜ್ಞರದು ಇನ್ನೊಂದು, ಮಾತ್ರೆ ಬರೆಯುವ ವೈದ್ಯರದು ಮತ್ತೊಂದು. ಆಟಿಸಂ ಜೊತೆಯಲ್ಲೇ ಬೆಳೆದು ದೊಡ್ಡವರಾದವರು ಪ್ರಶ್ನೆಯನ್ನೇ ತಿರುಗಿಸುತ್ತಾರೆ: ಮಗುವಿಗೆ ಅಷ್ಟು ಸಿಟ್ಟು ಬರುವಂತೆ ಸುತ್ತಲಿನವರು ಮಾಡುತ್ತಿರುವುದೇನು?

ರೋಗನಿರ್ಣಯದ ಪುಸ್ತಕದಲ್ಲಿ ಸಿಟ್ಟು ಆಟಿಸಂನ ಲಕ್ಷಣವಲ್ಲ. ಅಲ್ಲಿರುವುದು ಸಂವಹನದ ತೊಡಕು, ಮತ್ತೆ ಮತ್ತೆ ಮಾಡುವ ಚಲನೆಗಳು, ಬದಲಾವಣೆಯ ಭಯ, ಸದ್ದು-ಬೆಳಕು-ಸ್ಪರ್ಶಗಳಿಗೆ ಅತಿಯಾದ ಅಥವಾ ಕಡಿಮೆಯಾದ ಸ್ಪಂದನ. ಆದರೂ ಹೆತ್ತವರನ್ನು ಆಸ್ಪತ್ರೆಯ ಬಾಗಿಲಿಗೆ ಓಡಿಸುವುದು ಹೆಚ್ಚಾಗಿ ಸಿಟ್ಟೇ. 2011ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟೀಫನ್ ಕ್ಯಾನ್ ಮತ್ತು ಮೈಕಾ ಮಜುರೆಕ್ 1,380 ಮಕ್ಕಳ ಮಾಹಿತಿ ಪರಿಶೀಲಿಸಿದಾಗ, ಮಗು ತಮ್ಮ ಮೇಲೆ ಅಥವಾ ನೋಡಿಕೊಳ್ಳುವವರ ಮೇಲೆ ಒಂದಲ್ಲ ಒಂದು ಬಾರಿ ಕೈಮಾಡಿದೆ ಎಂದವರು ಶೇ. 68ರಷ್ಟು ಹೆತ್ತವರು.

ಈ ಚರ್ಚೆಯನ್ನು ಸಿಡ್ನಿ ಮತ್ತು ಮೆಲ್ಬರ್ನ್ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ವರ್ತನಾ ಚಿಕಿತ್ಸೆಗೆ ದೊಡ್ಡ ಪ್ರಮಾಣದಲ್ಲಿ ಸರಕಾರಿ ಹಣ ಹರಿದದ್ದು, ಅದರ ವಿರುದ್ಧದ ವಾದಕ್ಕೆ ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿದ್ದು, ಎರಡನ್ನೂ ಒಂದೇ ಮಾರ್ಗಸೂಚಿಯಲ್ಲಿ ಹೊಂದಿಸಲು ಪ್ರಯತ್ನ ನಡೆದದ್ದು ಎಲ್ಲವೂ ಇಲ್ಲಿ ಆಗಿದೆ. ಸಿಡ್ನಿಯ ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಪ್ಯಾರಾಮಾಟಾಗಳಲ್ಲಿ, ಮೆಲ್ಬರ್ನ್‌ನ ಪಾಯಿಂಟ್ ಕುಕ್, ಟಾರ್ನೀಟ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ದಿನನಿತ್ಯದ ಸಂಗತಿ. ಓಟಿ (ಆಕ್ಯುಪೇಷನಲ್ ಥೆರಪಿ), ಸ್ಪೀಚ್ (ಮಾತಿನ ಚಿಕಿತ್ಸೆ), ಪ್ಲಾನ್ ರಿವ್ಯೂ (ಸರಕಾರಿ ನೆರವಿನ ಮರುಪರಿಶೀಲನೆ) ಎಂಬ ಮಾತುಗಳು ಅಂಥ ಮನೆಗಳ ಕನ್ನಡದಲ್ಲಿ ಬೆರೆತುಹೋಗಿವೆ.

ಹೆತ್ತವರು ಕಟ್ಟಿದ ಸಂಸ್ಥೆಗಳು

1943ರಲ್ಲಿ ಬಾಲ್ಟಿಮೋರ್‌ನ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಆಟಿಸಂಗೆ ವೈದ್ಯಕೀಯದಲ್ಲಿ ಪ್ರತ್ಯೇಕ ಗುರುತು ಸಿಕ್ಕಿತು. ಮುಂದಿನ ಎರಡು ದಶಕ ತಾಯಂದಿರ ಪಾಲಿಗೆ ಕ್ರೂರವಾಗಿದ್ದವು. ಮಗು ಒಳಗೆ ಮುದುಡಿಕೊಳ್ಳಲು ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ವಾದವನ್ನು ಬ್ರೂನೋ ಬೆಟಲ್‌ಹೈಮ್ ಜನಪ್ರಿಯಗೊಳಿಸಿದರು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಾಂಡ್ 1964ರ ಪುಸ್ತಕದಲ್ಲಿ ಅದನ್ನು ಗಟ್ಟಿಯಾಗಿ ಎದುರಿಸಿ, ಮೂಲ ಇರುವುದು ಮೆದುಳಿನಲ್ಲಿ ಎಂದು ವಾದಿಸಿದರು.

ಆ ಪ್ರತಿರೋಧದ ಗಾಳಿ ಆಸ್ಟ್ರೇಲಿಯಕ್ಕೂ ಬೀಸಿತು. 1966ರಲ್ಲಿ ಸಿಡ್ನಿಯ ಕೆಲವು ಹೆತ್ತವರು ಸೇರಿ ಕಟ್ಟಿದ ಸಂಘವೇ ಇಂದು ಆಸ್ಪೆಕ್ಟ್ ಎಂಬ ಹೆಸರಿನಲ್ಲಿ ಶಾಲೆಗಳನ್ನು ನಡೆಸುತ್ತಿದೆ. ಮರುವರ್ಷ ವಿಕ್ಟೋರಿಯದ ಹೆತ್ತವರೂ ಸಂಘ ಕಟ್ಟಿದರು. ಅದರ ಈಗಿನ ಹೆಸರು ಅಮೇಜ್. ಈ ಮಕ್ಕಳಿಗೆ ಶಾಲೆಯಲ್ಲಿ ಜಾಗವಿಲ್ಲ, ಸಿಟ್ಟು ಬಂದರೆ ಕಟ್ಟಿಹಾಕುವ ಸಂಸ್ಥೆಗಳೇ ಗತಿ ಎಂಬ ಕಾಲದಲ್ಲಿ ಅವರು ಕೇಳಿದ್ದು ತೀರ ಸರಳವಾದದ್ದು: ನಮ್ಮ ಮಗುವಿಗೂ ಕಲಿಸಿ. ಕಲಿಸಬಹುದು ಎಂದು ಮೊದಲು ಧೈರ್ಯವಾಗಿ ಹೇಳಿದವರು ವರ್ತನಾವಾದಿಗಳು. ಅವರ ವಿಧಾನಗಳ ಮೇಲೆ ಇಂದು ಎಷ್ಟೇ ಟೀಕೆ ಬಂದರೂ ಆ ಕಾಲದ ಹೆತ್ತವರಿಗೆ ಅವರು ಕೊಟ್ಟ ಭರವಸೆಯನ್ನು ಮರೆಯುವುದು ಅನ್ಯಾಯ.

ನಡವಳಿಕೆಗೆ ಲೆಕ್ಕ ಹಿಡಿದವರು

ಕ್ಯಾಲಿಫೋರ್ನಿಯದ ಇವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ವಾರಕ್ಕೆ ನಲವತ್ತು ಗಂಟೆ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ, ಒಬ್ಬ ಚಿಕಿತ್ಸಕನಿಗೆ ಒಂದೇ ಮಗು. ಹಾಗೆ ಕಲಿತ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸಿ, ಸಾಮಾನ್ಯ ಬುದ್ಧಿಮಟ್ಟ ತಲುಪಿದರು ಎಂದು ಅವರು ಹೇಳಿದರು. ಆ ಅಧ್ಯಯನದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿರಲಿಲ್ಲ. ಬೇಡದ ವರ್ತನೆಗೆ ಗದರಿಕೆ, ಅದೂ ನಾಟದಿದ್ದರೆ ತೊಡೆಗೆ ಏಟು ಕೂಡ ವಿಧಾನದ ಭಾಗವಾಗಿತ್ತು. ಆದರೂ ಹೆತ್ತವರ ಕಿವಿಗೆ ಬಿದ್ದದ್ದು ಹತ್ತೊಂಬತ್ತರಲ್ಲಿ ಒಂಬತ್ತು ಎಂಬ ಲೆಕ್ಕ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮನೆಯ ಒಂದು ಕೋಣೆಯನ್ನೇ ಥೆರಪಿಗೆ ಬಿಟ್ಟುಕೊಟ್ಟು, ಸಾಲ ಮಾಡಿ, ವಿದ್ಯಾರ್ಥಿಗಳನ್ನು ಚಿಕಿತ್ಸಕರಾಗಿ ತರಬೇತುಗೊಳಿಸಿದ ಕುಟುಂಬಗಳು ಹುಟ್ಟಿಕೊಂಡವು.

ಸಿಟ್ಟಿನ ವಿಷಯಕ್ಕೆ ಬಂದರೆ ಇದೇ ಪಂಥದ ಇನ್ನೊಂದು ಕವಲು ಹೆಚ್ಚು ಮುಖ್ಯ. 1982ರಲ್ಲಿ ಬ್ರಯಾನ್ ಇವಾಟ ಮತ್ತು ಸಂಗಡಿಗರು ತಮ್ಮನ್ನು ತಾವು ಗಾಯಗೊಳಿಸಿಕೊಳ್ಳುವ ಮಕ್ಕಳನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಗಮನಿಸಿ, ಆ ವರ್ತನೆಯಿಂದ ಮಗುವಿಗೆ ಸಿಗುತ್ತಿರುವುದೇನು ಎಂದು ಪರೀಕ್ಷಿಸಿದರು. ಯಾರಾದರೂ ತನ್ನ ಕಡೆ ನೋಡುತ್ತಾರೆ. ಬೇಡದ ಕೆಲಸ ತಪ್ಪುತ್ತದೆ. ಬೇಕಾದ ವಸ್ತು ಕೈಗೆ ಬರುತ್ತದೆ. ಇಲ್ಲವೇ ಆ ಚಲನೆಯೇ ದೇಹಕ್ಕೆ ಹಿತ. ತರಗತಿಯಲ್ಲಿ ಲೆಕ್ಕದ ಹಾಳೆ ಕೊಟ್ಟಾಗಲೆಲ್ಲ ಅದನ್ನು ಹರಿದೆಸೆಯುವ ಹುಡುಗನನ್ನು ಶಿಕ್ಷೆಯೆಂದು ಹೊರಗೆ ಕಳಿಸಿದರೆ, ಅವನಿಗೆ ಬೇಕಾಗಿದ್ದದ್ದು ಸಿಕ್ಕಂತಾಯಿತು. ನಾಳೆ ಅವನು ಇನ್ನೂ ಬೇಗ ಹರಿಯುತ್ತಾನೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಒಂದು ಹೆಜ್ಜೆ ಮುಂದೆ ಹೋದರು. ಹರಿಯುವ ಬದಲು ‘ಸಹಾಯ ಬೇಕು’ ಎಂದು ಕೇಳುವುದನ್ನು ಕಲಿಸಿದರೆ ಆರ್ಭಟ ಇಳಿಯುತ್ತದೆ ಎಂದು ತೋರಿಸಿದರು. ಬಾಯಲ್ಲಿ ಹೇಳಲಾಗದ ಮಗು ಚಿತ್ರ ತೋರಿಸಬಹುದು, ಗುಂಡಿ ಒತ್ತಬಹುದು, ಕೈಸನ್ನೆ ಮಾಡಬಹುದು.

ಇಡೀ ವರ್ತನಾ ಪರಂಪರೆ ನಮಗೆ ಕೊಟ್ಟ ಅತ್ಯಂತ ಬೆಲೆಬಾಳುವ ವಿಚಾರ ಇದೇ ಎಂದು ನಾನು ನಂಬುತ್ತೇನೆ. ಸಿಟ್ಟನ್ನು ಮಗುವಿನ ಗುಣವೆಂದು ನೋಡದೆ ಮಗು ಹೇಳುತ್ತಿರುವ ಮಾತು ಎಂದು ನೋಡಿದ್ದು ಇಲ್ಲಿಂದ. ಇದರಿಂದಲೇ 1990ರ ದಶಕದಲ್ಲಿ ಪಾಸಿಟಿವ್ ಬಿಹೇವಿಯರ್ ಸಪೋರ್ಟ್ ಬೆಳೆಯಿತು. ಶಿಕ್ಷೆ ಬಿಟ್ಟು, ಸಿಟ್ಟು ಏಳುವ ಮೊದಲೇ ಸುತ್ತಲಿನ ಸ್ಥಿತಿಯನ್ನು ಬದಲಿಸಿ, ಬದಲಿ ಕೌಶಲ ಕಲಿಸಿ ಎನ್ನುವ ಈ ಪದ್ಧತಿಯೇ ಇಂದು ಆಸ್ಟ್ರೇಲಿಯದ ಅಧಿಕೃತ ಚೌಕಟ್ಟು.

ಮೊದಲು ಕಲಿಯಬೇಕಾದವರು ಯಾರು?

ಚಿಕಿತ್ಸಕ ವಾರಕ್ಕೆ ಕೆಲವು ಗಂಟೆ ಬರುತ್ತಾನೆ. ಉಳಿದ ಹೊತ್ತು ಮಗು ಹೆತ್ತವರ ಜೊತೆ. ಹಾಗಾಗಿ ಹೆತ್ತವರಿಗೇ ತರಬೇತಿ ಕೊಡಿ ಎಂಬ ಪಂಥ ಹುಟ್ಟಿತು. ಚಿಕ್ಕ ಮಕ್ಕಳ ಸಿಟ್ಟಿಗೆ ಸಂಬಂಧಿಸಿದಂತೆ ಇದರ ಹಿಂದಿರುವಷ್ಟು ಗಟ್ಟಿ ಪುರಾವೆ ಬೇರೆ ಮಾನಸಿಕ ಚಿಕಿತ್ಸೆಗೆ ಸಿಗುವುದು ಕಷ್ಟ.

ಮುಖ್ಯವಾದದ್ದು 2015ರಲ್ಲಿ ಕ್ಯಾರನ್ ಬೇರ್ಸ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಮೂರರಿಂದ ಏಳು ವರ್ಷದ 180 ಮಕ್ಕಳು, 24 ವಾರ. ಒಂದು ಗುಂಪಿನ ಹೆತ್ತವರಿಗೆ ಆಟಿಸಂ ಬಗ್ಗೆ ಮಾಹಿತಿ ಮಾತ್ರ ಕೊಟ್ಟರು. ಇನ್ನೊಂದು ಗುಂಪಿನವರಿಗೆ ರಂಪದ ಮೊದಲು ಏನಾಯಿತು, ನಂತರ ಏನಾಯಿತು ಎಂದು ಗಮನಿಸುವುದು, ದಿನಚರಿಯ ಚಿತ್ರಪಟ ಬಳಸುವುದು, ಒಳ್ಳೆಯದನ್ನು ಕಂಡೊಡನೆ ಮೆಚ್ಚುವುದು, ಸಣ್ಣಪುಟ್ಟ ಕೂಗಾಟಕ್ಕೆ ಗಮನ ಕೊಡದಿರುವುದು ಎಲ್ಲವನ್ನೂ ಅಭ್ಯಾಸ ಮಾಡಿಸಿದರು. ಸಿಡುಕಿನ ಅಂಕ ಮೊದಲ ಗುಂಪಿನಲ್ಲಿ ಶೇ. 31.8, ಎರಡನೆಯದರಲ್ಲಿ ಶೇ. 47.7 ಇಳಿಯಿತು. ಯಾವ ಮಗು ಯಾವ ಗುಂಪಿನದು ಎಂದು ತಿಳಿಯದ ವೈದ್ಯರು ನೋಡಿದಾಗ ಸುಧಾರಿಸಿದವರು ಕ್ರಮವಾಗಿ ಶೇ. 39.6 ಮತ್ತು ಶೇ. 68.5. ಎರಡು ಗುಂಪುಗಳ ಅಂಕದ ಅಂತರ ಮನೆಯ ಬದುಕಿನಲ್ಲಿ ಎಷ್ಟು ದೊಡ್ಡದು ಎಂಬುದು ಸ್ಪಷ್ಟವಿಲ್ಲ ಎಂದು ಸಂಶೋಧಕರೇ ಬರೆದರು. ಬರೀ ಮಾಹಿತಿ ಸಿಕ್ಕವರ ಮಕ್ಕಳ ಸಿಡುಕೂ ಸುಮಾರು ಮೂರರಲ್ಲಿ ಒಂದು ಪಾಲು ಇಳಿದದ್ದು ನನಗೆ ಈ ಪ್ರಯೋಗದಲ್ಲಿ ಎದ್ದು ಕಾಣುವ ಸಂಗತಿ. ಕಾಲ ತಾನಾಗಿ ತಂದ ಬದಲಾವಣೆ ಅದರಲ್ಲಿ ಸ್ವಲ್ಪ ಇರಬಹುದು. ಮಗುವನ್ನು ಅರ್ಥ ಮಾಡಿಕೊಂಡದ್ದರಿಂದ ಬಂದ ಶಾಂತಿಯೂ ಇರಬಹುದು.

ಆಸ್ಟ್ರೇಲಿಯದಲ್ಲಿ ಇದರ ಸೋದರ ಪದ್ಧತಿ ಸ್ಟೆಪ್ಪಿಂಗ್ ಸ್ಟೋನ್ಸ್ ಟ್ರಿಪಲ್ ಪಿ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಯಾಂಡರ್ಸ್ ರೂಪಿಸಿದ ಪೋಷಕ ಕಾರ್ಯಕ್ರಮವನ್ನು ವಿಕಲಚೇತನ ಮಕ್ಕಳ ಕುಟುಂಬಗಳಿಗೆ ಹೊಂದಿಸಿದ್ದು ಇದು. 2009ರಲ್ಲಿ ಕೋವಾ ವಿಟಿಂಗ್‌ಹ್ಯಾಮ್ ಆಟಿಸಂ ಇರುವ ಮಕ್ಕಳ 59 ಕುಟುಂಬಗಳ ಮೇಲೆ ನಡೆಸಿದ ಪ್ರಯೋಗ ಅನುಕೂಲಕರವಾಗಿತ್ತು. ಆಮೇಲೆ ಸಿಡ್ನಿಯ ಸ್ಟುವರ್ಟ್ ಐನ್‌ಫೆಲ್ಡ್, ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಬ್ರೂಸ್ ಟಾಂಜ್ ಕೈಜೋಡಿಸಿ ಅದನ್ನು ಮೂರು ರಾಜ್ಯಗಳಿಗೆ ಹರಡಿದರು. ಐನ್‌ಫೆಲ್ಡ್ ಮತ್ತು ಟಾಂಜ್ ಸೇರಿ ರೂಪಿಸಿದ ವರ್ತನಾ ಪ್ರಶ್ನಾವಳಿಯನ್ನು ಹಲವು ದೇಶಗಳ ಸಂಶೋಧಕರು ಬಳಸುತ್ತಾರೆ.

ವೆಸ್ಟ್‌ಮೀಡ್‌ನ ಭಾವನಾ ಪಾಠ

ವರ್ತನಾ ಪಂಥ ಹೊರಗಿನಿಂದ ನೋಡುತ್ತದೆ. ಒಳಗೆ ಏನಾಗುತ್ತಿದೆ ಎಂದು ಮಗುವಿಗೇ ತಿಳಿಯದಿದ್ದರೆ? ಎದೆ ಬಡಿತ ಏರುತ್ತಿದೆ, ಮುಷ್ಟಿ ಬಿಗಿಯುತ್ತಿದೆ, ಆದರೆ ಅದು ಸಿಟ್ಟೋ ಭಯವೋ ಹಸಿವೋ ಎಂದು ಗುರುತಿಸಲಾಗದ ಮಕ್ಕಳು ಆಟಿಸಂ ಇರುವವರಲ್ಲಿ ಬಹಳ. ಭಾವನೆಯನ್ನು ಗುರುತಿಸುವ ಈ ತೊಡಕು ಆಟಿಸಂಗಿಂತ ಬೇರೆಯಾದದ್ದು, ಆದರೆ ಅದರ ಜೊತೆ ಆಗಾಗ ಬರುವಂಥದ್ದು ಎಂಬ ವಾದವನ್ನು ಜೆಫ್ ಬರ್ಡ್ ಮತ್ತು ರಿಚರ್ಡ್ ಕುಕ್ 2013ರಲ್ಲಿ ಮಂಡಿಸಿದರು.

ಇಲ್ಲಿ ಸಿಡ್ನಿಯ ಕೊಡುಗೆ ದೊಡ್ಡದು. ವೆಸ್ಟ್‌ಮೀಡ್ ಮಕ್ಕಳ ಆಸ್ಪತ್ರೆಯಲ್ಲಿ ಬೆಲಿಂಡಾ ರ‍್ಯಾಟ್‌ಕ್ಲಿಫ್, ಮಿಶೆಲ್ ವಾಂಗ್, ಮನೋವೈದ್ಯ ಡೇವಿಡ್ ಡೊಸೆಟರ್ ಮೊದಲಾದವರು ರೂಪಿಸಿದ ಕಾರ್ಯಕ್ರಮ ಈಗ ವೆಸ್ಟ್‌ಮೀಡ್ ಫೀಲಿಂಗ್ಸ್ ಪ್ರೋಗ್ರಾಂ ಎಂದು ಪ್ರಸಿದ್ಧ. ಮೊದಲು ಭಾವನೆಯನ್ನು ಗುರುತಿಸುವುದು, ಆಮೇಲೆ ಎದುರಿನವರ ಭಾವನೆಯನ್ನು ಊಹಿಸುವುದು, ಕೊನೆಗೆ ತನ್ನದನ್ನು ಸಂಭಾಳಿಸುವುದು ಎಂಬ ಕ್ರಮ. ಮಕ್ಕಳ ಜೊತೆಯಲ್ಲೇ ಹೆತ್ತವರಿಗೂ ಶಿಕ್ಷಕರಿಗೂ ಪಾಠ. ಬೌದ್ಧಿಕ ಮಾಂದ್ಯ ಸೌಮ್ಯವಾಗಿರುವ ಮಕ್ಕಳಿಗೂ ಪ್ರತ್ಯೇಕ ಆವೃತ್ತಿ ಮಾಡಿದ್ದು ಇದರ ವಿಶೇಷ, ಏಕೆಂದರೆ ಇಂಥ ಪ್ರಯೋಗಗಳು ಚೆನ್ನಾಗಿ ಮಾತಾಡುವ, ಜಾಣ ಮಕ್ಕಳನ್ನೇ ಆರಿಸಿಕೊಳ್ಳುತ್ತವೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 41 ಸಾಮಾನ್ಯ ಶಾಲೆಗಳ 217 ಮಕ್ಕಳಿದ್ದರು. ಪಾಠ ಮಾಡಿದವರು ಶಾಲೆಯ ಆಪ್ತಸಮಾಲೋಚಕರು. ಭಾವನೆಗಳನ್ನು ನಿಭಾಯಿಸುವ ಶಕ್ತಿ ಹೆಚ್ಚಿದ್ದು ಕಂಡುಬಂತು. ಆಸ್ಪತ್ರೆಯ ಕೋಣೆಯಲ್ಲಿ ಕಲಿತದ್ದು ಆಟದ ಮೈದಾನಕ್ಕೆ ಬರುವುದಿಲ್ಲ ಎಂಬ ಹಳೆಯ ದೂರಿಗೆ ಶಾಲೆಯಲ್ಲೇ ಪಾಠ ಮಾಡಿದ್ದು ಒಳ್ಳೆಯ ಉತ್ತರ.

ನೇರವಾಗಿ ಸಿಟ್ಟನ್ನೇ ಹಿಡಿದುಕೊಂಡದ್ದು ಬ್ರಿಸ್ಬೇನ್‌ನ ಕೇಟ್ ಸೊಫ್ರೊನಾಫ್ ಮತ್ತು ಟೋನಿ ಆಟ್‌ವುಡ್ ತಂಡ. 2007ರ ಅವರ ಪ್ರಯೋಗದಲ್ಲಿ ಆಸ್ಪರ್ಜರ್ ಎಂಬ ಬಗೆಯ ಆಟಿಸಂ ಇದೆಯೆಂದು ಗುರುತಿಸಿದ 45 ಮಕ್ಕಳಿಗೆ ವಾರಕ್ಕೊಂದರಂತೆ ಎರಡೆರಡು ಗಂಟೆಯ ಆರು ತರಗತಿ. ಸಿಟ್ಟಿನ ಮಟ್ಟ ಅಳೆಯುವುದು, ಅದು ಏರುವ ಮೊದಲೇ ಬಳಸಬೇಕಾದ ಉಪಾಯಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದು. ಸಿಟ್ಟಿನ ಪ್ರಸಂಗಗಳು ಕಡಿಮೆಯಾದವು ಎಂದು ಹೆತ್ತವರು ಹೇಳಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸೋಫಿ ಹ್ಯಾವಿಗರ್ಸ್ಟ್ ಮತ್ತು ಆನ್ ಹಾರ್ಲಿ ಅವರ ಟ್ಯೂನಿಂಗ್ ಇನ್ ಟು ಕಿಡ್ಸ್ ಇನ್ನೊಂದು ಬಗೆ. ಮಗು ಸಿಟ್ಟಾದಾಗ ಗಮನ ಕೊಡಬೇಡಿ ಎಂದು ವರ್ತನಾ ಪಂಥ ಹೇಳುವ ಸಂದರ್ಭದಲ್ಲೇ ಇದು ಹತ್ತಿರ ಹೋಗಿ ಕೂರಿ, ಆ ಭಾವನೆಗೆ ಹೆಸರು ಕೊಡಿ ಎನ್ನುತ್ತದೆ. ಎರಡೂ ಮಾತು ಕೇಳಿದ ತಾಯಿ ಗೊಂದಲಕ್ಕೆ ಬೀಳುವುದು ಸಹಜ. ಶಾಲೆಗಳಲ್ಲಿ ಭಾವನೆಯ ಸ್ಥಿತಿ ತೋರಿಸುವ ಹಸಿರು, ಹಳದಿ, ಕೆಂಪು ವಲಯಗಳ ಚಾರ್ಟುಗಳು ಗೋಡೆ ತುಂಬಿವೆ. ಅವುಗಳ ಜನಪ್ರಿಯತೆಗೆ ತಕ್ಕಷ್ಟು ಪುರಾವೆ ಇನ್ನೂ ಬಂದಿಲ್ಲ.

ಮಾತ್ರೆ

2002ರಲ್ಲಿ 101 ಮಕ್ಕಳ ಮೇಲೆ ಎಂಟು ವಾರ ನಡೆದ ರಿಸ್ಪೆರಿಡೋನ್ ಎಂಬ ಔಷಧಿಯ ಪ್ರಯೋಗದಲ್ಲಿ ಆ ಮಾತ್ರೆ ಪಡೆದವರಲ್ಲಿ ಶೇ. 69 ಮಕ್ಕಳು ಸುಧಾರಿಸಿದರು. ಖಾಲಿ ಮಾತ್ರೆ ಪಡೆದವರಲ್ಲಿ ಶೇ. 12 ಮಾತ್ರ. ಸಿಡುಕಿಗೆ ಇಷ್ಟು ವೇಗವಾಗಿ ಕೆಲಸ ಮಾಡುವಂಥವು ಕಡಿಮೆ. ಆದರೆ ಅದೇ ಎಂಟು ವಾರಗಳಲ್ಲಿ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತು. ನಿದ್ದೆಗಣ್ಣು, ಹಸಿವು, ಮುಂದೆ ಸಕ್ಕರೆ ಕಾಯಿಲೆಯ ಆತಂಕ ಬೇರೆ. 2009ರ ಇನ್ನೊಂದು ಪ್ರಯೋಗ 124 ಮಕ್ಕಳಲ್ಲಿ ಮಾತ್ರೆಯ ಜೊತೆ ಹೆತ್ತವರ ತರಬೇತಿ ಸೇರಿಸಿ ನೋಡಿತು. ಬರೀ ಮಾತ್ರೆಗಿಂತ ಅದು ಹೆಚ್ಚು ಫಲ ಕೊಟ್ಟಿತು, ಅದೂ ಸ್ವಲ್ಪ ಕಡಿಮೆ ಪ್ರಮಾಣದ ಮಾತ್ರೆಯಲ್ಲಿ. ಮೆಲ್ಬರ್ನ್‌ನಲ್ಲಿ ಡ್ಯಾರಿಲ್ ಎಫ್ರಾನ್ ತಂಡ ಕ್ಯಾನಬಿಡಿಯಾಲ್ ಎಣ್ಣೆಯನ್ನು ಬೌದ್ಧಿಕ ವಿಕಲತೆ ಮತ್ತು ತೀವ್ರ ವರ್ತನಾ ಸಮಸ್ಯೆ ಇರುವ ಮಕ್ಕಳಲ್ಲಿ ಪರೀಕ್ಷಿಸಲು ಹೊರಟಿತು. 2021ರಲ್ಲಿ ವರದಿಯಾದ ಮೊದಲ ಹಂತದಲ್ಲಿದ್ದದ್ದು ಎಂಟೇ ಮಕ್ಕಳು.

ಹಲ್ಲುನೋವು, ಮಲಬದ್ಧತೆ, ನಿದ್ರೆ

ಯಾವ ಪಂಥವೂ ತನ್ನದೆಂದು ಹಕ್ಕು ಸಾಧಿಸದ, ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ ದೇಹ. ಮಾತಿಲ್ಲದ ಮಗು ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಬಡಿಯತೊಡಗಿದರೆ ಕಿವಿಯ ಸೋಂಕೋ ಹಲ್ಲುನೋವೋ ಇರಬಹುದು. ವಾರಗಟ್ಟಲೆ ಮಲಬದ್ಧತೆಯಿಂದ ನರಳುವ ಮಗುವಿಗೆ ಸ್ಟಿಕರ್ ಚಾರ್ಟ್ ಹಚ್ಚುವುದು ಕ್ರೌರ್ಯ.

ನಿದ್ರೆಯ ಬಗ್ಗೆ ಮೆಲ್ಬರ್ನ್‌ನ ಸಂಶೋಧಕರು ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಸ್ಲೀಪಿಂಗ್ ಸೌಂಡ್ ಎಂಬ ಚಿಕ್ಕ ವರ್ತನಾ ಕಾರ್ಯಕ್ರಮವನ್ನು ಆಟಿಸಂ ಇರುವ 245 ಮಕ್ಕಳ ಕುಟುಂಬಗಳಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಗುವ ಕ್ರಮ ತಿದ್ದಲು ಕೆಲವೇ ಭೇಟಿಗಳು. ನಿದ್ರೆ ಸುಧಾರಿಸಿತು, ಅದರ ಬೆನ್ನಿಗೇ ಮಕ್ಕಳ ಭಾವನೆ ಮತ್ತು ವರ್ತನೆಯ ತೊಂದರೆಗಳೂ ಹೆತ್ತವರ ಒತ್ತಡವೂ ತುಸು ಇಳಿದವು. ವಾರಕ್ಕೆ ನಲವತ್ತು ಗಂಟೆಯ ಥೆರಪಿಯ ಬಗ್ಗೆ ಜಗಳವಾಡುವ ಮೊದಲು ಮಗು ರಾತ್ರಿ ಎಷ್ಟು ಗಂಟೆ ಮಲಗುತ್ತದೆ ಎಂದು ಕೇಳುವುದು ಅಗ್ಗವೂ ಹೌದು, ಅಪಾಯವಿಲ್ಲದ್ದೂ ಹೌದು.

ಸಿಡ್ನಿಯಲ್ಲಿ ಬರೆದ ಒಂದು ಪ್ರಬಂಧ

1998ರಲ್ಲಿ ಸಿಡ್ನಿ ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೆ ಜೂಡಿ ಸಿಂಗರ್ ಎಂಬ ವಿದ್ಯಾರ್ಥಿನಿ ಸಮಾಜಶಾಸ್ತ್ರದ ಪ್ರಬಂಧ ಒಪ್ಪಿಸಿದರು. ತಾಯಿಯಲ್ಲಿ, ತನ್ನಲ್ಲಿ, ಮಗಳಲ್ಲಿ ಆಟಿಸಂನ ಛಾಯೆ ಕಂಡಿದ್ದ ಅವರು ಮೆದುಳಿನ ಭಿನ್ನತೆಯನ್ನು ರೋಗವೆಂದು ನೋಡುವ ಬದಲು ವೈವಿಧ್ಯವೆಂದು ನೋಡಬೇಕೆಂದು ವಾದಿಸಿ, ನ್ಯೂರೋಡೈವರ್ಸಿಟಿ ಎಂಬ ಪದವನ್ನು ವಿದ್ವತ್ತಿನ ಅಂಗಳಕ್ಕೆ ತಂದರು. ಈ ವಿಚಾರ ಆಟಿಸಂ ಇರುವವರ ಅಂತರ್ಜಾಲ ಗುಂಪುಗಳಲ್ಲಿ ಹಲವರ ಮಾತಿನಿಂದ ರೂಪುಗೊಂಡದ್ದು ಎಂದು ಈಚಿನ ಸಂಶೋಧಕರು ನೆನಪಿಸಿದ್ದಾರೆ. ಅದಕ್ಕೂ ಮೊದಲು, 1993ರಲ್ಲಿ, ಅಮೆರಿಕದ ಜಿಮ್ ಸಿಂಕ್ಲೇರ್ ಹೆತ್ತವರ ಸಭೆಯ ಮುಂದೆ ನಿಂತು ನಮಗಾಗಿ ಶೋಕಿಸಬೇಡಿ ಎಂದು ಕೇಳಿಕೊಂಡಿದ್ದರು. ಎದುರಿನವರಿಗೆ ಆಟಿಸಂ ಇರುವವರು ಅರ್ಥವಾಗದಿರುವುದೂ ತೊಡಕಿನ ಅರ್ಧ ಭಾಗ ಎಂದು ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದರು.

ಈ ಪಂಥ ಸಿಟ್ಟನ್ನು ಎರಡಾಗಿ ಬಿಡಿಸುತ್ತದೆ. ಐಸ್‌ಕ್ರೀಮಿಗಾಗಿ ಹಟ ಹಿಡಿದ ಮಗು ನಡುನಡುವೆ ಅಮ್ಮನ ಮುಖ ನೋಡುತ್ತದೆ, ಐಸ್‌ಕ್ರೀಮು ಕೈಗೆ ಬಂದರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಹಾಗಲ್ಲ. ದಿನವಿಡೀ ಸದ್ದು, ಬೆಳಕು, ಜನ, ಅನಿರೀಕ್ಷಿತ ಬದಲಾವಣೆಗಳನ್ನು ತಡೆದುಕೊಂಡ ಮಗು ಮನೆಗೆ ಬಂದು ಚಪ್ಪಲಿ ಬಿಚ್ಚುವ ಹೊತ್ತಿಗೆ ಕುಸಿಯುತ್ತದೆ. ಆಗ ಕೊಡುವ ಬಹುಮಾನಕ್ಕೂ ಮಾಡುವ ನಿರ್ಲಕ್ಷ್ಯಕ್ಕೂ ಅರ್ಥವಿಲ್ಲ. ಬೇಕಾದದ್ದು ಕತ್ತಲೆ, ಮೌನ, ಸಮಯ. ಸಿಡ್ನಿಯ ರೀಫ್ರೇಮಿಂಗ್ ಆಟಿಸಂ, ಮೆಲ್ಬರ್ನ್‌ನ ಯೆಲ್ಲೋ ಲೇಡಿಬಗ್ಸ್‌ನಂಥ ಸಂಸ್ಥೆಗಳು ಹೆತ್ತವರಿಗೂ ಶಾಲೆಗಳಿಗೂ ಇದನ್ನೇ ಹೇಳುತ್ತಿವೆ. ಸುಮ್ಮನೆ ಕೂರಲು, ಕಣ್ಣಲ್ಲಿ ಕಣ್ಣಿಟ್ಟು ನೋಡಲು, ಕೈ ಆಡಿಸದಿರಲು ತರಬೇತಿ ಪಡೆದ ಮಗು ಹೊರಗೆ ಶಾಂತವಾಗಿ ಕಂಡು ಒಳಗೆ ಬಳಲಬಹುದು ಎಂಬುದು ಅವರ ಗಂಭೀರ ಆರೋಪ. ಇದನ್ನು ತಳ್ಳಿಹಾಕುವ ಹಕ್ಕು ವಿಜ್ಞಾನಕ್ಕೂ ಇಲ್ಲ, ಏಕೆಂದರೆ ಅದು ಸರಿಯಾಗಿ ಹುಡುಕಿಲ್ಲ. ಚಿಕ್ಕ ಮಕ್ಕಳ ಆಟಿಸಂ ಚಿಕಿತ್ಸೆಯ ಅಧ್ಯಯನಗಳಲ್ಲಿ ದುಷ್ಪರಿಣಾಮಗಳನ್ನು ಗಮನಿಸಿ ದಾಖಲಿಸಿದವು ತೀರ ಕಡಿಮೆ ಎಂದು ಕ್ರಿಸ್ಟನ್ ಬೊಟೆಮಾ-ಬ್ಯೂಟೆಲ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು.

ಆದರೆ ಹದಿನಾಲ್ಕು ವರ್ಷದ ಮಗ ತಂಗಿಯ ಕತ್ತಿಗೆ ಕೈ ಹಾಕುವ ಮನೆಗೆ ವೈವಿಧ್ಯದ ಮಾತು ಒಂದರಿಂದಲೇ ರಾತ್ರಿ ಕಳೆಯಲಾಗದು. ಮಗುವಿನ ಘನತೆ ಮತ್ತು ಮನೆಯ ಸುರಕ್ಷತೆ ಎರಡನ್ನೂ ಒಟ್ಟಿಗೆ ಹಿಡಿಯುವ ಕೆಲಸವನ್ನು ಈ ಪಂಥ ಇನ್ನೂ ಪೂರ್ತಿ ಮಾಡಿಲ್ಲ ಎಂಬುದು ನನ್ನ ಅನಿಸಿಕೆ.

ಹಣ, ಕಾನೂನು, ವೀಸಾ

2008ರಲ್ಲಿ ಕೇಂದ್ರ ಸರಕಾರ ಆಟಿಸಂ ಇರುವ ಚಿಕ್ಕ ಮಕ್ಕಳಿಗೆ ತಲಾ 12,000 ಡಾಲರ್‌ವರೆಗೆ ಕೊಡತೊಡಗಿತು. ಅದೇ ವರ್ಷ ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಓಲ್ಗಾ ಟೆನಿಸನ್ ಆಟಿಸಂ ಸಂಶೋಧನಾ ಕೇಂದ್ರ ಆರಂಭವಾಯಿತು. 2013ರಲ್ಲಿ ಬಂದ ಎನ್‌ಡಿಐಎಸ್ ಎಂಬ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಚಿತ್ರವನ್ನೇ ಬದಲಿಸಿತು. ಪ್ರತಿ ಮಗುವಿಗೂ ಒಂದು ಪ್ಲಾನ್, ಅದರೊಳಗೆ ಹಣ, ಬೇಕಾದ ಚಿಕಿತ್ಸಕರನ್ನು ಆರಿಸುವ ಸ್ವಾತಂತ್ರ್ಯ. ಹಣ ಬಂದಲ್ಲಿ ವ್ಯಾಪಾರವೂ ಬಂತು. ಯಾವುದನ್ನು ನಂಬಬೇಕೆಂದು ತಿಳಿಯಲು ಯೋಜನೆಯ ಸಂಸ್ಥೆಯೇ ಸಂಶೋಧನಾ ಸಂಸ್ಥೆಯಾದ ಆಟಿಸಂ ಸಿಆರ್‌ಸಿಯಿಂದ ಸಮೀಕ್ಷೆ ಮಾಡಿಸಿತು. 2020ರ ಆ ವರದಿ 58 ವ್ಯವಸ್ಥಿತ ವಿಮರ್ಶೆಗಳನ್ನು ಒರೆಗೆ ಹಚ್ಚಿತು. ಕೆಲವು ವಿಧಾನಗಳು ಕೆಲವು ವಿಷಯಗಳಲ್ಲಿ ಕೆಲವು ಮಕ್ಕಳಿಗೆ ನೆರವಾಗುತ್ತವೆ, ಹೆಚ್ಚು ಗಂಟೆ ಎಂದರೆ ಹೆಚ್ಚು ಫಲ ಎಂಬುದಕ್ಕೆ ಸ್ಥಿರವಾದ ಆಧಾರವಿಲ್ಲ ಎಂದಿತು. ನಲವತ್ತು ಗಂಟೆಯ ಹಳೆಯ ಮಂತ್ರಕ್ಕೆ ಇದು ದೊಡ್ಡ ಪೆಟ್ಟು. 2023ರಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಮಾರ್ಗಸೂಚಿ ಮಗುವಿನ ಮತ್ತು ಕುಟುಂಬದ ಆಶಯ ಮೊದಲು, ಭಿನ್ನತೆಗೆ ಗೌರವ ಮೊದಲು ಎಂಬ ನೆಲೆಗಟ್ಟು ಹಾಕಿತು.

ಕಾನೂನಿನ ಕಡೆ 2015 ನೆನಪಿನಲ್ಲಿ ಉಳಿದಿದೆ. ಕ್ಯಾನ್‌ಬೆರಾದ ಶಾಲೆಯೊಂದು ಹತ್ತು ವರ್ಷದ ಆಟಿಸಂ ಇರುವ ಹುಡುಗನಿಗಾಗಿ ತರಗತಿಯೊಳಗೆ ಪಂಜರದಂಥ ಕಟ್ಟೋಣ ನಿಲ್ಲಿಸಿದ ಸುದ್ದಿ ದೇಶವನ್ನು ಬೆಚ್ಚಿಬೀಳಿಸಿತು. ಎನ್‌ಡಿಐಎಸ್ ಯೋಜನೆಯ 2018ರ ನಿಯಮಗಳು ಒಂಟಿಯಾಗಿ ಕೂಡಿಹಾಕುವುದು, ಔಷಧಿ, ಸಲಕರಣೆ, ದೈಹಿಕ ಬಲ, ಪರಿಸರ ನಿರ್ಬಂಧ ಎಂಬ ಐದು ಬಗೆಯ ಕಟ್ಟುಪಾಡುಗಳನ್ನು ಹೆಸರಿಸಿ, ಅವನ್ನು ಬಳಸುವ ಸೇವಾದಾರರು ಯೋಜನೆ ಬರೆಸಿ ವರದಿ ಮಾಡಲೇಬೇಕು ಎಂದವು. ಇಲ್ಲಿ ಒಂದು ವೈರುಧ್ಯ ಉಳಿದಿದೆ. ಮಗುವಿನ ಸಿಡುಕಿಗೆ ವೈದ್ಯರು ಚಿಕಿತ್ಸೆಯೆಂದು ಬರೆದ ರಿಸ್ಪೆರಿಡೋನನ್ನು ಸೇವಾದಾರರೊಬ್ಬರು ವರ್ತನೆ ಹತೋಟಿಗೆಂದು ಕೊಟ್ಟರೆ ಅದು ರಾಸಾಯನಿಕ ನಿರ್ಬಂಧವಾಗಬಹುದು. ಅದೇ ಮಾತ್ರೆಯನ್ನು ಮನೆಯಲ್ಲಿ ಅಪ್ಪ ಅಮ್ಮ ಕೊಟ್ಟರೆ ಯಾವ ವರದಿಯೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಅಂತಿಮ ವರದಿ ಕೊಟ್ಟ ವಿಕಲಚೇತನರ ರಾಯಲ್ ಕಮಿಷನ್ 222 ಶಿಫಾರಸುಗಳಲ್ಲಿ ಇಂಥ ನಿರ್ಬಂಧಗಳನ್ನು ತಗ್ಗಿಸುವ ದಾರಿಗಳನ್ನೂ ಸೇರಿಸಿತು.

ವಲಸೆ ಬಂದವರಿಗೆ ಇನ್ನೊಂದು ಗೋಡೆ. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಎನ್‌ಡಿಐಎಸ್ ಇಲ್ಲ. ಶಾಶ್ವತ ನೆಲೆಗೆ ಅರ್ಜಿ ಹಾಕಿದರೆ ಮಗುವಿನ ಆರೈಕೆಗೆ ತಗಲುವ ಅಂದಾಜು ವೆಚ್ಚದ ಪರೀಕ್ಷೆ. 2024ರ ಜುಲೈನಲ್ಲಿ ಮಿತಿಯನ್ನು 86,000 ಡಾಲರಿಗೆ ಏರಿಸಿದರೂ ಭಯ ಹೋಗಿಲ್ಲ. ದಾಖಲೆಯಲ್ಲಿ ಆಟಿಸಂ ಎಂದು ಬರೆಸಿದರೆ ವೀಸಾಕ್ಕೆ ಕಂಟಕ, ಬರೆಸದಿದ್ದರೆ ಮಗುವಿಗೆ ನೆರವಿಲ್ಲ ಎಂಬ ಇಕ್ಕಟ್ಟಿನಲ್ಲಿ ಅತಿ ಮುಖ್ಯವಾದ ವರ್ಷಗಳು ಕೈತಪ್ಪುತ್ತವೆ.

ಕನ್ನಡ ಮನೆಯೊಳಗೆ

ಪೋಷಕ ತರಬೇತಿಯ ಪುಸ್ತಕಗಳು ಕಲ್ಪಿಸಿಕೊಳ್ಳುವ ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು. ನಮ್ಮ ಮನೆಯಲ್ಲಿ ವರ್ಷದ ಕೆಲವು ತಿಂಗಳು ಅಜ್ಜಿ ತಾತ ಇರುತ್ತಾರೆ. ಕೂಗಾಟಕ್ಕೆ ಗಮನ ಕೊಡಬೇಡಿ ಎಂಬ ಉಪಾಯ ಹಿಡಿದಾಗ ಮೊದಲ ದಿನಗಳಲ್ಲಿ ಕೂಗಾಟ ಹೆಚ್ಚುತ್ತದೆ. ಚಿಕಿತ್ಸಕರು ಇದನ್ನು ಮೊದಲೇ ಹೇಳಿರುತ್ತಾರೆ. ಆ ಹೆಚ್ಚಿದ ಗಳಿಗೆಯಲ್ಲಿ ಅಜ್ಜಿ ಕರಗಿ ಮೊಬೈಲ್ ಕೈಗಿತ್ತರೆ, ಇನ್ನೂ ಜೋರಾಗಿ ಕೂಗಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಅಜ್ಜಿಯನ್ನು ದೂರುವುದು ತಪ್ಪು. ಅವರನ್ನೂ ತರಬೇತಿಗೆ ಕರೆಯದ ಕಾರ್ಯಕ್ರಮದ್ದೇ ಕೊರತೆ. ದೃಷ್ಟಿ ತಗುಲಿದೆ, ಮಾತು ತಡವಾಗುವುದು ವಂಶದಲ್ಲೇ ಇದೆ, ಎರಡು ಏಟು ಬಿದ್ದರೆ ಸರಿಹೋಗುತ್ತಾನೆ ಎಂಬ ಮಾತುಗಳ ನಡುವೆ ತಾಯಿ ಒಂಟಿಯಾಗುತ್ತಾಳೆ. ರಾಜ್ಯೋತ್ಸವದ ಸಭಾಂಗಣದಲ್ಲಿ ಡೊಳ್ಳು ಮೊಳಗಿದಾಗ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಕುಟುಂಬ ಮುಂದಿನ ವರ್ಷ ಬರುವುದೇ ಇಲ್ಲ. ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಸಂಘಗಳು ಒಂದು ನಿಶ್ಶಬ್ದ ಕೋಣೆ ಮತ್ತು ಮೊದಲೇ ಹಂಚಿದ ಕಾರ್ಯಕ್ರಮ ಪಟ್ಟಿಯಿಂದ ಶುರುಮಾಡಬಹುದು.

ಮಾತಿನ ವಿಷಯದಲ್ಲಿ ಆಗಿರುವ ಹಾನಿ ನನ್ನನ್ನು ಬಹಳ ಕಾಡುತ್ತದೆ. ಮಗು ಗೊಂದಲಕ್ಕೆ ಬೀಳುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆಯನ್ನು ವಲಸಿಗ ಹೆತ್ತವರು ವರ್ಷಗಟ್ಟಲೆ ಕೇಳಿದ್ದಾರೆ. ಲಾ ಟ್ರೋಬ್‌ನ ಕ್ರಿಸ್ಟೆಲ್ ಹಡ್ರಿ ಅವರೂ ಇದ್ದ ಸಂಶೋಧಕರ ತಂಡ 2016ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ, ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳಿಗೆ ತೊಂದರೆಯೆಂಬುದಕ್ಕೆ ಆಧಾರ ಕಾಣಲಿಲ್ಲ. ಸಿಟ್ಟು ನೆತ್ತಿಗೇರಿದ ಮಗುವನ್ನು ಸಂತೈಸುವಾಗ ತಾಯಿಗೆ ತಡವರಿಸದೆ ಬರುವ ಭಾಷೆಯೇ ಬೇಕು. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ ಕಟ್ಟಿದ ಕಾಮ್ ಡೀಲ್ ಸಂಸ್ಥೆ ಹಲವು ಭಾಷೆಗಳ ಮನೆಗಳಿಂದ ಬರುವ ಮಕ್ಕಳ ಜೊತೆ ದಶಕಗಳಿಂದ ಕೆಲಸ ಮಾಡಿದೆ. ಆ ಅನುಭವಕ್ಕೂ ಇಲ್ಲಿನ ಚಿಕಿತ್ಸಕರಿಗೂ ನಡುವೆ ಕೊಡುಕೊಳ್ಳುವಿಕೆ ಬೆಳೆಯಬೇಕು.

ತೀರ್ಮಾನವಾಗದೆ ಉಳಿದದ್ದು

ಮೊದಲನೆಯದು ಅಳತೆಯ ಪ್ರಶ್ನೆ. ಮೇಲೆ ಹೇಳಿದ ದೊಡ್ಡ ಪ್ರಯೋಗಗಳಲ್ಲಿ ಯಶಸ್ಸನ್ನು ಅಳೆದದ್ದು ಹೆತ್ತವರು, ಶಿಕ್ಷಕರು, ವೈದ್ಯರು ತುಂಬಿದ ಪಟ್ಟಿಗಳಿಂದ. ಅಂಕ ಇಳಿದರೆ ಮಗುವಿನ ಸಂಕಟ ಇಳಿಯಿತೋ, ಅದನ್ನು ತೋರಿಸುವುದು ಮಾತ್ರ ನಿಂತಿತೋ ಎಂದು ಆ ಪಟ್ಟಿ ಹೇಳಲಾರದು. ಕಾರ್ಲಾ ಮೆಜೆಫ್‌ಸ್ಕಿ ಮೊದಲಾದವರು ಒಳಗಿನ ತಳಮಳವನ್ನೂ ಹಿಡಿಯುವ ಮಾಪನಗಳನ್ನು ರೂಪಿಸುತ್ತಿದ್ದಾರೆ. ಅವುಗಳಲ್ಲೂ ಉತ್ತರ ಬರೆಯುವವರು ಹೆಚ್ಚಾಗಿ ಹೆತ್ತವರೇ.

ಎರಡನೆಯದು, ಯಾವ ಮಗುವಿಗೆ ಯಾವ ದಾರಿ? ಪೋಷಕ ತರಬೇತಿಯ ಪುರಾವೆ ಬಲವಾಗಿರುವುದು ಚಿಕ್ಕವರಲ್ಲಿ, ಭಾವನಾ ಪಾಠದ್ದು ಮಾತು ಬಲ್ಲವರಲ್ಲಿ. ಮಾತಿಲ್ಲದ, ಎತ್ತರಕ್ಕೆ ಬೆಳೆದ, ಹರೆಯದ ಹುಡುಗ ಹುಡುಗಿಯರು ಎರಡರ ನಡುವೆ ಬಿದ್ದುಹೋಗಿದ್ದಾರೆ, ಮಾತ್ರೆ ಹೆಚ್ಚು ತಲುಪುವುದೂ ಅವರನ್ನೇ. ಗಮನ ಕೊಡಬೇಡಿ ಎನ್ನುವವರನ್ನೂ ಹತ್ತಿರ ಕೂರಿ ಎನ್ನುವವರನ್ನೂ ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸುವ ಕೆಲಸವೂ ಆಟಿಸಂ ಇರುವ ಮಕ್ಕಳಲ್ಲಿ ಆಗಬೇಕಾದಷ್ಟು ಆಗಿಲ್ಲ.

ಮೂರನೆಯದು ಹಣದ ದಾರಿ. 2025ರ ಆಗಸ್ಟ್‌ನಲ್ಲಿ ಸಚಿವ ಮಾರ್ಕ್ ಬಟ್ಲರ್ ಎಂಟು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಸೌಮ್ಯ ಅಥವಾ ಮಧ್ಯಮ ಮಟ್ಟದ ಆಟಿಸಂ ಮತ್ತು ಬೆಳವಣಿಗೆಯ ವಿಳಂಬ ಇರುವವರನ್ನು ಎನ್‌ಡಿಐಎಸ್‌ನಿಂದ ಥ್ರೈವಿಂಗ್ ಕಿಡ್ಸ್ ಎಂಬ ಹೊಸ ವ್ಯವಸ್ಥೆಗೆ ತಿರುಗಿಸುವುದಾಗಿ ಘೋಷಿಸಿದರು. ಆದರೆ ಮಾತಿನಲ್ಲೂ ಬುದ್ಧಿಯಲ್ಲೂ ಸೌಮ್ಯವೆನಿಸುವ ಮಗುವಿನ ಸಿಟ್ಟು ತೀವ್ರವಾಗಿರಬಹುದು. ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ ಎಂಬುದರ ಮೇಲೆ ಸಾವಿರಾರು ಮನೆಗಳ ದಿನಚರಿ ನಿಂತಿದೆ.

ನಾಲ್ಕನೆಯದು ನಮ್ಮ ಮನೆಗೇ ಸೇರಿದ್ದು. ಇಲ್ಲಿ ಚರ್ಚಿಸಿದ ಪ್ರಯೋಗಗಳಾವುವೂ ಕನ್ನಡದಲ್ಲಿ ನಡೆದವಲ್ಲ. ಕೂಡು ಕುಟುಂಬದಲ್ಲಿ, ಎರಡು ಭಾಷೆಗಳ ನಡುವೆ, ಅರ್ಧ ವರ್ಷ ಅಜ್ಜಿಯ ಕೈಯಲ್ಲಿ, ವೀಸಾದ ಭಯದಲ್ಲಿ ಬೆಳೆಯುವ ಮಗುವಿನ ಮೇಲೆ ಬೇರ್ಸ್ ತಂಡದ 24 ವಾರಗಳ ಪೋಷಕ ತರಬೇತಿ ಅಷ್ಟೇ ಫಲ ಕೊಟ್ಟೀತೇ, ಕಡಿಮೆಯೇ, ಅಥವಾ ನೋಡಿಕೊಳ್ಳುವ ಕೈಗಳು ಹೆಚ್ಚಿರುವುದರಿಂದ ಇನ್ನೂ ಹೆಚ್ಚೇ? ಸಿಡ್ನಿ, ಮೆಲ್ಬರ್ನ್‌ನ ವಿಶ್ವವಿದ್ಯಾಲಯಗಳೂ ಬೆಂಗಳೂರಿನ ಸಂಸ್ಥೆಗಳೂ ಕೈಜೋಡಿಸಿದರೆ ಪರೀಕ್ಷಿಸಬಹುದಾದ ಪ್ರಶ್ನೆ ಇದು.